ಹೊಗೆ ಹಾಕುವ ಹೊತ್ತು

ಕಳೆದ ತಿಂಗಳು ಸುಲ್ತಾನ್ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೂತಿದ್ದೆ. ಹೆಂಡತಿ ಸೀರೆ ನೋಡುತ್ತಿದ್ದಳು. ನಾನು ಗೋಡೆಗೆ ಒರಗಿ ಫ್ಯಾನಿನ ಕೆಳಗೆ ನಿದ್ದೆ ತಡೆಯುತ್ತಿದ್ದೆ. ದೀಪ ಹಚ್ಚುವ ಹೊತ್ತಿಗೆ ಹಸಿರು ಶಾಲಿನ ಫಕೀರನೊಬ್ಬ ಕೆಂಡದ ಬಟ್ಟಲು ಹಿಡಿದು ಒಳಗೆ ಬಂದ. ಬೀಸಣಿಗೆಯಿಂದ ಗಲ್ಲಾಪೆಟ್ಟಿಗೆಗೆ, ಬಟ್ಟೆಯ ಥಾನುಗಳಿಗೆ, ಕೊನೆಗೆ ನನ್ನ ಮುಖಕ್ಕೂ ಒಂದಿಷ್ಟು ಲೋಬಾನದ ಹೊಗೆ ಬೀಸಿ ಮುಂದಿನ ಅಂಗಡಿಗೆ ಹೋದ. ನನ್ನ ಕಣ್ಣಲ್ಲಿ ನೀರು ಬಂತು.

"ಹೊಗಿ ಆಗಿ ಬರಂಗಿಲ್ಲ ನಿಮಗ," ಅಂದಳು ಹೆಂಡತಿ.

ಹೌದೆಂದೆ. ಆದರೆ ಆ ಹೊತ್ತಿಗೆ ನಾನು ಅಂಗಡಿಯಲ್ಲಿ ಇರಲಿಲ್ಲ. ಮಾಧಾಪುರದ ಒಂದು ತಗಡಿನ ಶೆಡ್ಡಿನ ಹೊರಗೆ, ಕೈಯಲ್ಲಿ ಬೇರೆಯವರ ಕೂಸು ಹಿಡಿದುಕೊಂಡು ನಿಂತಿದ್ದೆ.

ಆ ವರ್ಷದ ಬಗ್ಗೆ ಬರೆಯುವ ಮೊದಲೇ ಒಂದು ಮಾತು ಹೇಳಿಬಿಡಬೇಕು. ಇದರಲ್ಲಿ ನಾನು ಕಣ್ಣಾರೆ ಕಂಡದ್ದು ಕಡಿಮೆ. ಮುಖ್ಯವಾದದ್ದೆಲ್ಲ ಆ ಶೆಡ್ಡಿನ ಒಳಗೆ ನಡೆಯಿತು, ಗಂಡಸಾದ ನನಗೆ ಅಲ್ಲಿ ಪ್ರವೇಶವಿರಲಿಲ್ಲ. ಆದರೂ ಒಳಗಿನ ಹೊಗೆ, ಹೊರಸಿನ ಮೇಲೆ ಮಂಡಿ ಮಡಚಿ ಕೂತ ಬಾಣಂತಿ ಸಾಬಮ್ಮ, ಅವಳ ಕಿವಿಗೆ ಇಟ್ಟ ಅರಳೆ, ಎಲ್ಲ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಇಷ್ಟು ಸ್ಪಷ್ಟವಾಗಿ ಕಾಣುವುದರಿಂದಲೇ ಅದನ್ನು ನಂಬಲು ಹೆದರುತ್ತೇನೆ. ಆಗ ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಫಿಲ್. ಮಾಡುತ್ತಿದ್ದೆ. ಸಾಕ್ಷಿ ಹೇಳುವವನು ಎಲ್ಲಿ ನಿಂತಿದ್ದ ಎಂದು ಮೊದಲು ಕೇಳು, ಏನು ಕಂಡ ಎಂದು ಆಮೇಲೆ ಕೇಳು ಎನ್ನುವುದು ನಾನು ಅಲ್ಲಿ ಕಲಿತ ಪಾಠ. ನಾನು ನಿಂತಿದ್ದದ್ದು ಹೊರಗೆ.

ನಮ್ಮದು ಸೇಡಂ ಕಡೆಯ ಮನೆತನ. ಅಪ್ಪನಿಗೆ ರೈಲ್ವೆಯಲ್ಲಿ ಗುಮಾಸ್ತಿಕೆ, ಕಾಚಿಗುಡದಲ್ಲಿ ಬಾಡಿಗೆ ಮನೆ. ಬೀದಿಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ, ಹೊಸ್ತಿಲು ದಾಟಿದರೆ ಕನ್ನಡ. ತಂಗಿ ವಿಜಯಾ, ಮನೆಯಲ್ಲಿ ವಿಜ್ಜಿ, ವೈದ್ಯಕೀಯದ ಕೊನೆಯ ವರ್ಷದಲ್ಲಿದ್ದಳು. ಅವಳ ಕಾಲೇಜಿನವರು ವಿದ್ಯಾರ್ಥಿಗಳನ್ನು ಗುಂಪು ಮಾಡಿ ಬಡವರ ಬಸ್ತಿಗಳಿಗೆ ಕಳಿಸುತ್ತಿದ್ದರು. ಕನ್ನಡ ಬರುತ್ತದೆಂಬ ಕಾರಣಕ್ಕೆ ವಿಜ್ಜಿಯ ಪಾಲಿಗೆ ಮಾಧಾಪುರದ ಕಟ್ಟಡ ಕೂಲಿಕಾರರ ಶೆಡ್ಡುಗಳು ಬಂದವು. ಯಾದಗಿರಿ, ಶಹಾಪುರ, ಸುರಪುರದ ಜನ ಅಲ್ಲಿ ತುಂಬಿದ್ದರು. ಲಸಿಕೆ ಹಾಕಿಸಿ, ನೀರು ಕುದಿಸಿ ಕುಡಿಯಿರಿ ಎಂದು ಹೇಳಿ ಬರುವುದು ಅವಳಿಗೆ ಕೊಟ್ಟ ಕೆಲಸ. ಅದರ ಜೊತೆಗೆ ಇನ್ನೊಂದನ್ನು ಅವಳೇ ಸೇರಿಸಿಕೊಂಡಳು.

ಹೆರಿಗೆ ವಾರ್ಡಿನಲ್ಲಿ ಅವಳು ಒಬ್ಬ ಹೆಂಗಸನ್ನು ಕಂಡಿದ್ದಳಂತೆ. ಪಕ್ಕದಲ್ಲಿ ಕೂಸು ಚೀರುತ್ತಿದ್ದರೂ ಆಕೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಸೊಕ್ಕು ಎಂದರು ಕೆಲವರು, ಹೆಣ್ಣು ಹುಟ್ಟಿತೆಂದು ಸಿಟ್ಟು ಎಂದರು ಇನ್ನು ಕೆಲವರು. ವಿಜ್ಜಿ ಮನೆಗೆ ಬಂದು ದಪ್ಪ ಪುಸ್ತಕ ತೆಗೆದು ಕೂತಳು.

"ಆಕಿಗಿ ಸೊಕ್ಕಲ್ಲ ಅಣ್ಣ, ಜಡ್ಡು. ಹಡದ ಮ್ಯಾಲ ಮನಸ್ಸಿಗಿ ಬರೋ ಜಡ್ಡು. ಗುಳಿಗಿ ಐತಿ, ವಾಸಿ ಆಗ್ತೈತಿ. ಆದ್ರ ಅದು ಜಡ್ಡು ಅಂತ ಯಾರಿಗೂ ಗೊತ್ತಿಲ್ಲ."

"ತಗಡಿನ ಶೆಡ್ಡಿನ್ಯಾಗ ಬ್ಯಾಸಗ್ಯಾಗ ಹಡದ್ರ ಯಾರಿಗಾದ್ರೂ ಬ್ಯಾಸರಾಗ್ತೈತಿ," ಎಂದೆ ನಾನು. "ಅದಕ್ಕ ಬ್ಯಾರೆ ಹೆಸರ್ಯಾಕ?"

"ಕೊಳಚಿ ನೀರಿದ್ದಲ್ಲೇ ಮಲೇರಿಯಾ ಬರ್ತೈತಿ. ಹಂಗಂತ ಮಲೇರಿಯಾ ಜಡ್ಡಲ್ಲ ಅಂತೀಯೇನ್?"

"ಇಬ್ರೂ ಬಾಯಿ ಮುಚ್ಚಿ ರೊಟ್ಟಿ ತಿನ್ರಿ," ಎಂದಳು ಅವ್ವ.

ಮಾಧಾಪುರಕ್ಕೆ ಹುಡುಗಿ ಒಬ್ಬಳೇ ಹೋಗುವುದು ಬೇಡವೆಂದು ಅಪ್ಪ ಹಠ ಹಿಡಿದದ್ದರಿಂದ ಭಾನುವಾರಗಳಲ್ಲಿ ಅವಳನ್ನು ಸ್ಕೂಟರಿನಲ್ಲಿ ಕರೆದೊಯ್ಯುವ ಕೆಲಸ ನನಗೆ ಬಂತು. ಆಗಿನ್ನೂ ಅಲ್ಲಿ ಅರ್ಧ ಬಂಡೆ, ಅರ್ಧ ಗಾಜಿನ ಕಟ್ಟಡ. ಬಂಡೆ ಸಿಡಿಸುವ ಮುನ್ನ ಕೆಂಪು ಬಾವುಟದವನು ಸೀಟಿ ಊದುತ್ತಿದ್ದ, ನಾವು ಸ್ಕೂಟರ್ ನಿಲ್ಲಿಸಿ ಕಾಯುತ್ತಿದ್ದೆವು. ನೆಲ ನಡುಗಿ, ಧೂಳು ಎದ್ದು ಇಳಿದ ಮೇಲೆ ಮತ್ತೆ ಹೊರಡುತ್ತಿದ್ದೆವು. ರಸ್ತೆಯ ಬದಿಯ ದೊಡ್ಡ ಹಲಗೆಗಳಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡ ಹುಡುಗ ಹುಡುಗಿಯರು ನಗುತ್ತಿದ್ದರು. ಅವರಿಗಾಗಿ ಏಳುತ್ತಿದ್ದ ಕಟ್ಟಡದ ಹಿಂದೆ, ಕಬ್ಬಿಣದ ರಾಶಿ ದಾಟಿದರೆ ಶೆಡ್ಡುಗಳ ಸಾಲು. ಗೇಟಿನವನು ತೆಲುಗಿನಲ್ಲಿ "ಎವರು ಕಾವಾಲಿ?", ಯಾರು ಬೇಕು, ಎಂದು ಗದರಿದರೆ, ಒಳಗಿನಿಂದ ಯಾರೋ "ನಮ್ಮ ಡಾಕ್ಟರ್ ಅಕ್ಕಾರು, ಬಿಡಪಾ" ಎಂದು ಕನ್ನಡದಲ್ಲೇ ಕೂಗುತ್ತಿದ್ದರು.

ಮೊದಲ ಸಭೆ ಬೇವಿನ ಗಿಡದ ಕೆಳಗೆ ನಡೆಯಿತು. ವಿಜ್ಜಿ ತಾನೇ ಬರೆದ ಚಿತ್ರಪಟಗಳನ್ನು ಗಿಡಕ್ಕೆ ತೂಗುಹಾಕಿದ್ದಳು. ಒಂದರಲ್ಲಿ ಬಾಣಂತಿಯೊಬ್ಬಳು ತಲೆ ತಗ್ಗಿಸಿ ಕೂತಿದ್ದಳು, ಕೆನ್ನೆಯ ಮೇಲೆ ಒಂದು ಹನಿ. ಹೆಂಗಸರಿಗೆ ಚಿತ್ರಕ್ಕಿಂತ ನಾನು ಹೆಚ್ಚು ತಮಾಷೆಯಾಗಿ ಕಂಡೆ.

"ಈ ಅಣ್ಣಾರು ಯಾಕ ಬಂದಾರ್ರಿ? ಇವರಿಗೂ ಹಡಿಯೋದು ಕಲಸ್ತೀರೇನ್?"

"ಅಕ್ಕಾರ, ನಿಮಗ ಮದುವಿ ಆಗೈತಿಲ್ರಿ?"

"ಇಲ್ರೀ."

"ಹಡೀಲಾರ್ದ ಹಡಿಯೋದು ಹೇಳಾಕ ಬಂದೀರಲ್ಲ, ಶಾಣ್ಯಾರ ಬಿಡ್ರಿ!"

ನಗು ಇಳಿದ ಮೇಲೆ ವಿಜ್ಜಿ ಕೇಳಿದಳು. ಬಾಣಂತಿ ಇದ್ದಾಗ ಸುಮ್ಮಸುಮ್ಮನೆ ಅಳು ಬರುತ್ತಿತ್ತೇ? ಕೂಸು ಬೇಡ ಅನಿಸುತ್ತಿತ್ತೇ? ನಗುತ್ತಿದ್ದವರ ಮುಖಗಳು ಒಮ್ಮೆಗೇ ಮುಚ್ಚಿಕೊಂಡವು. ಇಲ್ರಿ, ಇಲ್ರಿ ಎಂದು ಸಾಲಾಗಿ ತಲೆ ಆಡಿಸಿದರು. ಗುಂಪಿನ ಹಿಂದೆ ನಿಂತಿದ್ದ ಎತ್ತರದ ಮುದುಕಿ ತಂಬಾಕು ಉಗುಳಿ ಮುಂದೆ ಬಂದಳು. ಭೀಮವ್ವ. ಶೆಡ್ಡುಗಳ ಸಾಲಿಗೆಲ್ಲ ಅವಳ ಬಾಯಿಯ ಹೆದರಿಕೆ ಇತ್ತು.

"ಹಸಿಮೈ ಬಾಣಂತಿ ಅಳಬಾರದ್ರೀ ಅಕ್ಕಾರ. ಹಾಲು ಕೆಡ್ತಾವ. ಕಣ್ಣು ಹೋಗ್ತಾವ. ನಮ್ಮ ಮಂದ್ಯಾಗ ಯಾರೂ ಅಳಂಗಿಲ್ಲ. ಈ ಚಿತ್ರಾ ತಗೀರಿ, ನಮ್ಮ ಸಾಬವ್ವನ ಕಣ್ಣಿಗಿ ಬಿದ್ದೀತು."

ವಿಜ್ಜಿ ಚಿತ್ರ ತೆಗೆದಳು. ಹಿಂತಿರುಗುವಾಗ ನಾನು, "ನೋಡು, ನಿನ್ನ ಜಡ್ಡು ಇಲ್ಲಿ ಯಾರಿಗೂ ಇಲ್ಲ," ಎಂದೆ. ಅವಳು ನನ್ನ ಬೆನ್ನಿಗೊಂದು ಗುದ್ದಿದಳು. "ಅಳಬಾರದು ಅಂದ್ರು ಅಣ್ಣ. ಅಳು ಬರಂಗಿಲ್ಲ ಅಂತ ಅನ್ಲಿಲ್ಲ."

ಸಾಬವ್ವ ಅಂದರೆ ಸಾಬಮ್ಮ, ಭೀಮವ್ವನ ಸೊಸೆ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಿತ್ತು. ಆದರೆ ಅವಳ ತಾಯಿಯೇ ಮುಂಬೈ ಕಡೆ ಎಲ್ಲೋ ಇಟ್ಟಿಗೆ ಹೊರುತ್ತಿದ್ದಳು, ತವರುಮನೆಗೆ ಬೀಗ ಬಿದ್ದಿತ್ತು. ಹಾಗಾಗಿ ಅತ್ತೆಯೇ ಬಾಣಂತನ ಮಾಡುತ್ತಿದ್ದಳು, ಅದೂ ತಗಡಿನ ಕೆಳಗೆ. ಊರಲ್ಲಿ ಹೇಗೆ ಮಾಡುತ್ತಾರೋ ಹಾಗೆಯೇ ಆಗಬೇಕು, ಒಂದೂ ಬಿಡಬಾರದು ಎಂಬುದು ಭೀಮವ್ವನ ಛಲ. ಎಲ್ಲಿಂದಲೋ ಒಂದು ಹೊರಸು ತಂದಿದ್ದಳು. ಸೆಂಟ್ರಿಂಗ್ ಕಟ್ಟಿಗೆಯ ಚೂರುಗಳನ್ನು ಸುಟ್ಟು ಕೆಂಡ ಮಾಡಿ ಹೊರಸಿನ ಕೆಳಗೆ ಇಡುತ್ತಿದ್ದಳು. ನೀರು ಎರೆದ ಮೇಲೆ, ಹಳೆಯ ಪೇಂಟಿನ ಡಬ್ಬಿಯಲ್ಲಿ ಕೆಂಡ ಹಾಕಿ ಅದರ ಮೇಲೆ ಲೋಬಾನ ಉದುರಿಸಿ, ತಾಯಿಗೂ ಕೂಸಿಗೂ ಕಂಬಳಿ ಕವುಚಿ ಹೊಗೆ ಹಾಕುತ್ತಿದ್ದಳು.

ವಿಜ್ಜಿಗೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದ ಮಾತುಗಳಲ್ಲಿ, ಕೂಸಿಗೆ ಹೊಗೆ ಹಾಕಬೇಡಿ, ಎದೆಗೆ ಕೆಟ್ಟದ್ದು ಎಂಬುದೂ ಇತ್ತು. ಅದನ್ನೇ ಹೇಳಲು ಒಂದು ಭಾನುವಾರ ಎರೆಯುವ ಹೊತ್ತಿಗೆ ಸರಿಯಾಗಿ ಶೆಡ್ಡಿನೊಳಗೆ ಹೋದಳು. ಭೀಮವ್ವ ಬೈದಳು. ವಿಜ್ಜಿ ಬಗ್ಗಲಿಲ್ಲ. ತಗಡಿನ ಆಚೆಯಿಂದ ನನಗೆ ಎರಡೂ ದನಿ ಕೇಳುತ್ತಿದ್ದವು.

"ಕೂಸಿಗಿ ಹೊಗಿ ಇಲ್ಲಂದ್ರ ಶೀತ ಆಗ್ತೈತ್ರಿ!"

"ಹೊಗಿ ಹಾಕಿದ್ರ ಉಸುರು ಕಟ್ತೈತ್ರಿ ಆಯಿ. ಕೂಸಿನ್ನ ಹೊರಗ ಕೊಡ್ರಿ, ನಮ್ಮಣ್ಣ ಹಿಡಿತಾನ. ತಾಯಿಗಿ ಬೇಕಾದಷ್ಟು ಹಾಕ್ರಿ."

"ಗಂಡಸ ಹಿಡಿಯೋ ಕೂಸೇನ್ರಿ ಅದು?"

ಕೊನೆಗೆ ಪರದೆಯ ಸಂದಿಯಿಂದ ಎರಡು ಕೈಗಳು ಹೊರಬಂದವು. ಕುಂಚಿಗೆ ಕಟ್ಟಿದ, ಎಣ್ಣೆಯ ವಾಸನೆಯ, ಬಿಸಿ ರೊಟ್ಟಿಯ ಗಂಟಿನಂಥ ಒಂದು ಜೀವ ನನ್ನ ತೋಳಿಗೆ ಬಂತು. ಹೆಣ್ಣು ಕೂಸು. ಸುತ್ತಲಿನ ಹೆಂಗಸರು ಕೆಲಸ ಬಿಟ್ಟು ನೋಡಲು ನಿಂತರು. "ಹಾಲು ಕುಡಸ್ರಿ ಅಣ್ಣಾರ!" ಎಂದು ಒಬ್ಬಳು ಕೂಗಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಉಸಿರು ಬಿಡಲು ಹೆದರಿ ನಿಂತಿದ್ದೆ.

ಒಳಗೆ ಏನಾಯಿತೆಂಬುದನ್ನು ವಿಜ್ಜಿ ಹಿಂತಿರುಗುವಾಗ ಸ್ಕೂಟರಿನ ಮೇಲೆ, ಗಾಳಿಯಲ್ಲಿ ಅರ್ಧ ಹಾರಿಹೋಗುತ್ತಿದ್ದ ಮಾತುಗಳಲ್ಲಿ ಹೇಳಿದಳು. ನಾನು ನೋಡಿದ್ದೇನೆ ಎಂದುಕೊಂಡಿರುವುದೆಲ್ಲ ಆ ಮಾತುಗಳಿಂದ ನಾನೇ ಕಟ್ಟಿಕೊಂಡದ್ದು. ಕಂಬಳಿಯ ಕೆಳಗೆ ಹೊಗೆ ತುಂಬುತ್ತಲೇ ಸಾಬಮ್ಮ ಅಳತೊಡಗಿದಳಂತೆ. ಹೊಗೆಗೆ ಕಣ್ಣು ಉರಿದ ಅಳುವಲ್ಲ, ಭುಜಗಳು ಅಲುಗುವ ಅಳು. ಭೀಮವ್ವ ನೋಡಲಿಲ್ಲ. ಡಬ್ಬಿಯ ಕಡೆ ತಿರುಗಿ ಕೂತು, ಅಳು ಸ್ವಲ್ಪ ಇಳಿಯುತ್ತಿದ್ದಂತೆ, "ತಡಿ ಯವ್ವ, ಇನ್ನೊಂಚೂರು ಹಾಕ್ತೀನಿ," ಎಂದು ಮತ್ತೊಂದು ಚಿಟಿಕೆ ಲೋಬಾನ ಉದುರಿಸಿದಳಂತೆ. ಅದು ಮುಗಿಯುವಾಗ ಮತ್ತೊಂದು.

"ಆಕಿಗಿ ಗೊತ್ತೈತಿ ಅಣ್ಣ," ಎಂದಳು ವಿಜ್ಜಿ. "ಮುದುಕಿಗಿ ಎಲ್ಲಾ ಗೊತ್ತೈತಿ. ಸೊಸಿ ಅಳಲಿ ಅಂತನ ಹೊಗಿ ಹಾಕಾಕತ್ತಾಳ. ಹೊಗಿಯಾಗ ಕಣ್ಣೀರು ಬಂದ್ರ ಯಾರೂ ಏನೂ ಅನ್ನಂಗಿಲ್ಲಲ್ಲ."

"ನೀ ಹಂಗ ಅನ್ಕೊಂಡಿರಬೇಕು. ಲೋಬಾನ ಕಡಿಮಿ ಬಿದ್ದಿತ್ತು, ಹಾಕಿದ್ಲು."

ಮನೆಯಲ್ಲಿ ವಿಜ್ಜಿ ಅವ್ವನಿಗೆ ಹೇಳಿದಾಗ ಅವ್ವ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಿದಳು. "ನಮ್ಮತ್ತಿನೂ ಭಾಳ ಹೊತ್ತು ಹಾಕ್ತಿದ್ರು," ಎಂದಳು. ಅಷ್ಟೇ. ನಾನು ಹುಟ್ಟಿದಾಗಲೋ ವಿಜ್ಜಿ ಹುಟ್ಟಿದಾಗಲೋ ಎಂದು ನಾವಿಬ್ಬರೂ ಕೇಳಲಿಲ್ಲ.

ಆಮೇಲೆ ಪ್ರತಿ ಭಾನುವಾರ ಅದೇ ಕ್ರಮ. ವಿಜ್ಜಿ ಸುಲ್ತಾನ್ ಬಜಾರಿನಿಂದ ಲೋಬಾನದ ಪೊಟ್ಟಣ ಕಟ್ಟಿಸಿಕೊಂಡು ಒಳಗೆ ಹೋಗುತ್ತಿದ್ದಳು. ನಾನು ಹೊರಗೆ ಕೂಸು ಹಿಡಿದು ನಿಲ್ಲುತ್ತಿದ್ದೆ. ಹೊಗೆಯೊಳಗೆ ಸಾಬಮ್ಮ ತುಂಡು ತುಂಡಾಗಿ ಮಾತಾಡಿದಳು. ಕೂಸು ತನ್ನನ್ನು ಗುರುತಿಲ್ಲದವರನ್ನು ನೋಡುವಂತೆ ನೋಡುತ್ತದೆ. ಎದೆಗೆ ಹಚ್ಚಿಕೊಂಡರೆ ಕಲ್ಲು ಇಟ್ಟ ಹಾಗೆ ಆಗುತ್ತದೆ. ತಾನು ಇಲ್ಲದಿದ್ದರೆ ಎಲ್ಲರಿಗೂ ಹಗುರ. ಇದನ್ನು ಕೇಳಿದ ದಿನ ವಿಜ್ಜಿ ಮನೆಯ ಮುಂದೆ ಸ್ಕೂಟರಿನಿಂದ ಇಳಿದು, "ಅಣ್ಣ, ಈಕಿ ಉಳೀಬೇಕು," ಎಂದಳು. ಪರೀಕ್ಷೆ, ಚಿತ್ರಪಟ, ಕಾಲೇಜಿನ ವರದಿ ಯಾವುದೂ ಆಮೇಲೆ ಅವಳಿಗೆ ಮುಖ್ಯವಾಗಲಿಲ್ಲ. ಸಾಬಮ್ಮ ಉಳಿಯಬೇಕಿತ್ತು.

ಆಸ್ಪತ್ರೆಗೆ ಕರೆದೊಯ್ಯುವ ಮಾತು ಎತ್ತಿದಾಗ ಗಂಡ ದೇವಪ್ಪ ತಲೆ ತಗ್ಗಿಸಿದ. ಕೆಟ್ಟವನಲ್ಲ, ಮಾತು ಕಡಿಮೆಯ ಸೆಂಟ್ರಿಂಗ್ ಕೆಲಸಗಾರ. ಆದರೆ ದೊಡ್ಡ ಹುಚ್ಚಾಸ್ಪತ್ರೆ ಇರುವ ಬಡಾವಣೆಯ ಹೆಸರು ಈ ನಗರದಲ್ಲಿ ಬೈಗುಳವೇ ಆಗಿಹೋಗಿತ್ತು.

"ಹುಚ್ಚಿ ಅನ್ನಿಸಿಬಿಡ್ತೀರೇನ್ರಿ ಅಕ್ಕಾರ? ನಾಳೆ ಊರಾಗ ಈ ಕೂಸಿನ್ನ ಯಾರು ಮಾಡ್ಕೋತಾರ?"

ಆಗ ಭೀಮವ್ವ ನಡುವೆ ಬಾಯಿ ಹಾಕಿದಳು. "ಹೊಗಿಗಿ ಆಕಿ ಕಣ್ಣು ಕೆಂಪಾಗ್ಯಾವ. ಕಣ್ಣು ತೋರ್ಸಿಕೊಂಡು ಬರ್ತೀವಿ. ನೀ ಕೆಲಸಕ್ಕ ನಡಿ." ಮಗನ ಮುಖವನ್ನೇ ದಿಟ್ಟಿಸಿ ಹೇಳಿದಳು. ಅವನು ನಡೆದ.

ವಿಜ್ಜಿಗೆ ಪಾಠ ಹೇಳುತ್ತಿದ್ದ ಮೇಡಂ ಒಬ್ಬರು ಸಾಬಮ್ಮನನ್ನು ನೋಡಿದರು. ಹಾಲು ಕುಡಿಸುವವರಿಗೂ ಕೊಡಬಹುದಾದ ಗುಳಿಗೆ ಬರೆದರು. ಗುಣ ಕಾಣಲು ಕೆಲವು ವಾರ ಬೇಕು, ಗುಣವಾದ ಮೇಲೂ ತಿಂಗಳುಗಟ್ಟಲೆ ಬಿಡಬಾರದು ಎಂದರು. ವಿಜ್ಜಿ ಅದನ್ನು ಕನ್ನಡದಲ್ಲಿ ಎರಡೆರಡು ಸಲ ಹೇಳಿದಳು. ಸಾಬಮ್ಮ ಗುಳಿಗೆಯನ್ನು ಬೆರಳಲ್ಲಿ ಹಿಡಿದು ನೋಡಿ, "ಇದು ತೊಗೊಂಡ್ರ ಕೂಸಿನ ಮ್ಯಾಲ ಮಾಯಾ ಬರ್ತೈತೇನ್ರಿ?" ಎಂದು ಕೇಳಿದಳಂತೆ. ಮೇಡಂಗೆ ಕನ್ನಡ ಬಾರದು. ವಿಜ್ಜಿಯೇ ಬರುತ್ತದೆ ಎಂದಳು.

ಬಂತು. ಅದನ್ನು ನಾನೇ ಕಂಡೆ, ಅದರಲ್ಲಿ ಅನುಮಾನವಿಲ್ಲ. ಮೊದಲ ಮಳೆ ಬಿದ್ದು ಬಂಡೆಗಳೆಲ್ಲ ಕಪ್ಪಾಗಿದ್ದ ಒಂದು ಬೆಳಗ್ಗೆ ನಾನು ಎಂದಿನಂತೆ ಕೂಸು ಹಿಡಿದು ನಿಂತಿದ್ದೆ. ಅದು ಅಳುತ್ತಿತ್ತು. ಪರದೆ ಸರಿಸಿ ಸಾಬಮ್ಮ ಹೊರಗೆ ಬಂದಳು. ಅಲ್ಲಿಯವರೆಗೆ ನಾನು ಅವಳ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ಹುಡುಗಿ, ವಿಜ್ಜಿಗಿಂತ ಚಿಕ್ಕವಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಕೈ ಚಾಚಿದಳು.

"ಹಿಂಗ ಹಿಡಿಯಂಗಿಲ್ರಿ ಅಣ್ಣಾರ. ಕುತ್ತಿಗಿ ಕೆಳಗ ಕೈ ಕೊಡಬೇಕು. ಇಷ್ಟು ದಿನಾ ಹಿಂಗೇ ಹಿಡದೀರೇನ್? ನನ್ನ ಕೂಸಿನ ಕುತ್ತಿಗಿ ಸೊಟ್ಟ ಮಾಡೀರಿ!"

ನನ್ನ ಕೂಸು ಎಂದಳು. ಒಳಗಿನಿಂದ ವಿಜ್ಜಿ ತಲೆ ಹಾಕಿ ನನ್ನನ್ನು ನೋಡಿದಳು. ಹಿಂತಿರುಗುವಾಗ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಇಬ್ಬರೂ ಚಹಾ ಕುಡಿದೆವು. ಅವಳು ಎರಡು ಉಸ್ಮಾನಿಯಾ ಬಿಸ್ಕತ್ತು ತಿಂದಳು, ನನ್ನ ಪಾಲಿನದನ್ನೂ ತಿಂದಳು.

ಅದಾದ ಕೆಲವೇ ದಿನಗಳಲ್ಲಿ ಕಟ್ಟಡದ ಕಾಂಕ್ರೀಟಿನ ಕೆಲಸ ಮುಗಿಯಿತು. ಗಾಜು ಕೂರಿಸುವವರು ಬಂದರು, ಕಾಂಕ್ರೀಟಿನವರನ್ನು ಮೇಸ್ತ್ರಿ ನಾಚಾರಂಗೆ ಸಾಗಿಸಿದ. ಅಲ್ಲಿ ಯಾವುದೋ ಕಾರ್ಖಾನೆಯ ಗೋದಾಮು ಏಳುತ್ತಿತ್ತು. ಕಾಚಿಗುಡದಿಂದ ಅದೇನೂ ದೂರವಲ್ಲ. ಆದರೆ ವಿಜ್ಜಿಯ ಪರೀಕ್ಷೆ ಹತ್ತಿರವಾಗಿತ್ತು, ಮಳೆಯೂ ಹಿಡಿದಿತ್ತು. ನಾವು ಅಲ್ಲಿಗೆ ಹೋಗಲು ಸಾಧ್ಯವಾದದ್ದು ಒಂದೇ ಸಲ.

ಆ ಭೇಟಿಯ ಬಗ್ಗೆ ನಮ್ಮಿಬ್ಬರಿಗೂ ಇಂದಿಗೂ ಜಗಳ. ನನ್ನ ನೆನಪಿನಲ್ಲಿ ಬಿಸಿಲು ಬಿದ್ದಿತ್ತು. ಸಾಬಮ್ಮ ತಲೆಯ ಮೇಲೆ ಜಲ್ಲಿಯ ಬುಟ್ಟಿ ಹೊತ್ತು ಹಲಗೆ ಹತ್ತುತ್ತಿದ್ದಳು, ನಮ್ಮನ್ನು ಕಂಡು ಮೇಲಿನಿಂದಲೇ ನಕ್ಕಳು. ವಿಜ್ಜಿ ಹೇಳುವ ಪ್ರಕಾರ ಅಂದು ಜಿಟಿಜಿಟಿ ಮಳೆ. ಸಾಬಮ್ಮ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ಹೊದ್ದಿದ್ದಳು, ಅವಳ ಮುಖವೇ ಕಾಣುತ್ತಿರಲಿಲ್ಲ. ಒಂದೇ ದಿನ, ಒಂದೇ ಸ್ಕೂಟರಿನಲ್ಲಿ ಹೋದ ಇಬ್ಬರು. ನನ್ನ ನೆನಪೇ ಸುಳ್ಳಿರಬೇಕು ಎಂದು ಈಗೀಗ ಅನಿಸುತ್ತದೆ, ಆಷಾಢದಲ್ಲಿ ಅಷ್ಟು ಬಿಸಿಲೆಲ್ಲಿಂದ ಬರಬೇಕು. ಆದರೂ ಆ ನಗು ಹೋಗುವುದಿಲ್ಲ.

ಮಾತುಗಳ ಬಗ್ಗೆ ಮಾತ್ರ ಜಗಳವಿಲ್ಲ. ಅಲ್ಲಿ ಹೊರಸು ಇರಲಿಲ್ಲ, ಪೇಂಟಿನ ಡಬ್ಬಿಯೂ ಇರಲಿಲ್ಲ. "ಬಾಣಂತನ ಮುಗೀತ್ರಿ," ಎಂದಳು ಭೀಮವ್ವ. "ದಿನಾ ಹೊರಸಿನ ಮ್ಯಾಲ ಕುಂದ್ರಸಾಕ ನಾವೇನು ಗೌಡರ ಮನಿಯವರೇನ್ರಿ? ಮೇಸ್ತ್ರಿ ಆಳು ಕಡಿಮಿ ಅದಾವ ಅಂದ." ಅವಳ ದನಿಯಲ್ಲಿ ಮೊದಲಿನ ಗಡಸು ಇರಲಿಲ್ಲ.

"ಗುಳಿಗಿ?" ಎಂದು ಕೇಳಿದಳು ವಿಜ್ಜಿ.

ಭೀಮವ್ವ ಮಗನ ಕಡೆ ನೋಡಿದಳು. ದೇವಪ್ಪ ಮೊಳೆ ಕೀಳುವುದನ್ನು ನಿಲ್ಲಿಸಲಿಲ್ಲ. "ಕೆಲಸಕ್ಕ ಬರಾಕತ್ತಾಳ್ರಿ. ಉಣ್ಣಾಕತ್ತಾಳ. ಕೂಸಿನ್ನ ಎತ್ಕೋತಾಳ. ಇನ್ನ ಎದರ ಗುಳಿಗ್ರಿ?"

"ಬಿಡಬಾರದ್ರಿ ದೇವಪ್ಪಣ್ಣ. ಆರಾಮ ಆಗ್ಯಾಳ ಅಂತ ಬಿಟ್ರ ಮತ್ತ ಬರ್ತೈತಿ."

"ಅಕ್ಕಾರ, ದಿನಾ ಗುಳಿಗಿ ನುಂಗೋದು ನೋಡಿ ಬಾಜು ಶೆಡ್ಡಿನವರು ಕೇಳಾಕತ್ತಾರ, ಏನಾಗೈತಿ ನಿನ್ನ ಹೇಣ್ತಿಗಿ ಅಂತ. ಏನು ಹೇಳ್ಲಿ?"

ವಿಜ್ಜಿ ತಂದಿದ್ದ ಗುಳಿಗೆಗಳನ್ನು ಭೀಮವ್ವನ ಕೈಗೆ ಕೊಟ್ಟಳು. ಮುದುಕಿ ಅವನ್ನು ಸೊಂಟದ ಎಲೆ ಅಡಿಕೆ ಸಂಚಿಗೆ ಸೇರಿಸಿ, ಮಗನಿಗೆ ಕಾಣದಂತೆ ವಿಜ್ಜಿಯ ಕೈ ಒತ್ತಿದಳು. ನಮ್ಮ ಮನೆಯ ಫೋನ್ ನಂಬರನ್ನೂ ವಿಜ್ಜಿ ಅವಳಿಗೆ ಬರೆದುಕೊಟ್ಟಳು.

ಪರೀಕ್ಷೆ ಮುಗಿದ ಮರುದಿನ ಫೋನ್ ಬಂತು. ಎತ್ತಿದವಳು ಅವ್ವ. ದೇವಪ್ಪ ಎಲ್ಲೋ ರೂಪಾಯಿ ನಾಣ್ಯ ಹಾಕುವ ಡಬ್ಬಿ ಫೋನಿನಿಂದ ಮಾತಾಡಿದ್ದ. "ಊರಿಗಿ ಹೊಂಟೀವ್ರಿ. ನಾಂಪಲ್ಲಿ ಟೇಶನ್ನಿಗಿ ಬಂದೀವಿ. ನಮ್ಮವ್ವ ಅಕ್ಕಾರನ್ನ ನೋಡಬೇಕಂತಾಳ." ಇಷ್ಟೇ ಹೇಳಿದನಂತೆ. ನಾಗರ ಪಂಚಮಿಗೆ ಹೊರಟಿರಬೇಕು ಎಂದಳು ಅವ್ವ. ಕೂಸಿಗೆಂದು ಒಂದು ಹಳೆಯ ಮೆತ್ತನೆಯ ಸೀರೆ ಮಡಚಿ ಕೊಟ್ಟಳು.

ಪ್ಲಾಟ್‌ಫಾರ್ಮಿನ ತುದಿಯಲ್ಲಿ, ಕಂಬದ ಕೆಳಗೆ ಭೀಮವ್ವ ಕೂತಿದ್ದಳು. ಮಡಿಲಲ್ಲಿ ಕೂಸು. ದೂರದಲ್ಲಿ ಗಂಟುಗಳ ಮೇಲೆ ದೇವಪ್ಪ ನಮಗೆ ಬೆನ್ನು ಮಾಡಿ ಕೂತಿದ್ದ. ವಿಜ್ಜಿ ಸುತ್ತಲೂ ನೋಡಿದಳು. ನಲ್ಲಿಯ ಕಡೆ ನೋಡಿದಳು, ಮೆಟ್ಟಿಲ ಕಡೆ ನೋಡಿದಳು.

"ಸಾಬವ್ವ ಎಲ್ರಿ?"

ಮುದುಕಿ ಕೂಸಿನ ಕುಂಚಿಗೆಯ ದಾರ ಕಟ್ಟಿದಳು. ಆಮೇಲೆ ಹೇಳಿದಳು. ಪಾಯದ ಗುಂಡಿ ಮಳೆ ನೀರಿಗೆ ತುಂಬಿತ್ತು. ಮಧ್ಯಾಹ್ನ ಊಟಕ್ಕೆ ಬಿಟ್ಟಿದ್ದರು.

"ಕೂಸಿಗಿ ಹಾಲು ಕುಡಿಸಿ, ನನ್ನ ಉಡಿಯಾಗ ಹಾಕಿ ಹ್ವಾದ್ಲವ್ವ. ಕೈಕಾಲು ತೊಳಕೊಂಡು ಬರ್ತೀನಿ ಅಂದ್ಲು. ಕಾಲು ಜಾರಿ ಬಿದ್ಲು ಅಂತ ಎಲ್ಲಾರೂ ಅಂದ್ರು. ಪೊಲೀಸರೂ ಹಂಗೇ ಬರ್ಕೊಂಡ್ರು."

ಜಾರಿತೇ ಎಂದು ವಿಜ್ಜಿ ಕೇಳಲಿಲ್ಲ. ಕೇಳಿದ್ದರೂ ಮುದುಕಿ ಬೇರೆ ಹೇಳುತ್ತಿರಲಿಲ್ಲ. ಸೊಂಟದ ಸಂಚಿ ಬಿಚ್ಚಿ, ಎಲೆಯ ಚೂರುಗಳ ನಡುವಿನಿಂದ ಗುಳಿಗೆಯ ಪಟ್ಟಿ ತೆಗೆದು ನೆಲದ ಮೇಲಿಟ್ಟಳು. ಹೆಚ್ಚಿನವು ಹಾಗೇ ಇದ್ದವು.

"ಅವನ ಕಣ್ಣು ತಪ್ಪಿಸಿ ಕೊಡ್ತಿದ್ದೆ. ದಿನಾ ಆಗ್ತಿದ್ದಿಲ್ರಿ. ಹೊಗಿನಾದ್ರೂ ಹಾಕಬೇಕಿತ್ತು. ಬಾಣಂತನ ಮುಗದ ಮ್ಯಾಲ ಹೊಗಿ ಹಾಕಿದ್ರ ಮಂದಿ ನಗ್ತಾರ. ಎಲ್ಲಿ ಅಳಬೇಕವ್ವ ಆಕಿ? ಬುಟ್ಟಿ ಹೊತ್ಕೊಂಡು ಅಳಾಕ ಬರ್ತೈತೇನ್?"

ವಿಜ್ಜಿ ಈಗ ಬೀದರ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರು. ಬಾಣಂತಿಯರ ಜೊತೆ ಬರುವ ಅತ್ತೆಯರನ್ನು, ತಾಯಂದಿರನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು ಮಾತಾಡುತ್ತಾಳೆಂದು ಅಲ್ಲಿಯ ನರ್ಸುಗಳು ಹೇಳಿದ್ದನ್ನು ಕೇಳಿದ್ದೇನೆ. ಬಾಣಂತನ ಮುಗಿದ ಮೇಲಿನ ತಿಂಗಳುಗಳ ಬಗ್ಗೆಯೇ ಹೆಚ್ಚು ಮಾತಾಡುತ್ತಾಳಂತೆ. ಸುಲ್ತಾನ್ ಬಜಾರಿನಿಂದ ಬಂದ ಮೇಲೆ ಅವಳಿಗೆ ಫೋನ್ ಮಾಡಿದೆ. ಆ ದಿನ ನಾಂಪಲ್ಲಿಯಲ್ಲಿ ಭೀಮವ್ವ ಕೊನೆಗೆ ಕೇಳಿದ ಪ್ರಶ್ನೆ ನಿನಗೆ ನೆನಪಿದೆಯೇ ಎಂದು ಕೇಳಿದೆ.

ಇದೆ ಎಂದಳು. ಮಾತು ಇಬ್ಬರಿಗೂ ಒಂದೇ ನೆನಪಿದೆ: "ಆಕಿ ಹ್ವಾದಾಗಿಂದ ನನಗ ಅಳು ಬರವಲ್ದು. ಎದಿ ಒಣಗಿ ಕುಂತೈತಿ. ಇದಕ್ಕೂ ಗುಳಿಗಿ ಐತೇನ್ರಿ?"

ಆದರೆ ನನ್ನ ನೆನಪಿನಲ್ಲಿ ಭೀಮವ್ವ ಅದನ್ನು ಕೇಳಿದ್ದು ವಿಜ್ಜಿಯನ್ನು. ವಿಜ್ಜಿ ಎದುರಿಗೆ ಮಂಡಿಯೂರಿ ಕೂತಿದ್ದಳು. ವಿಜ್ಜಿಯ ನೆನಪಿನಲ್ಲಿ ಅವಳು ಆಗ ಕೂಸಿಗೆ ಹಾಲು ತರಲು ಎದ್ದು ಹೋಗಿದ್ದಳು, ಪ್ರಶ್ನೆ ಕೇಳಿದ್ದು ನನ್ನನ್ನು. ತಿರುಗಿ ಬಂದಾಗ ನಾನೇ ಅವಳಿಗೆ ಅದನ್ನು ಹೇಳಿದೆನಂತೆ. "ಹಂಗಾರ ನೀ ಏನಂದಿ ಅಣ್ಣ?" ಎಂದು ಅವಳು ಕೇಳಿದಳು. ನೀ ಏನಂದಿ ಎಂದು ನಾನೂ ಅದನ್ನೇ ಕೇಳಬೇಕೆಂದಿದ್ದೆ. ಭೀಮವ್ವನಿಗೆ ಯಾರೂ ಏನೂ ಹೇಳಿರಲಿಕ್ಕಿಲ್ಲ.

ಅಂದು ಪ್ಲಾಟ್‌ಫಾರ್ಮಿಗೆ ವಾಡಿ ಕಡೆಯ ಪ್ಯಾಸೆಂಜರ್ ಬಂತು. ದೇವಪ್ಪ ಗಂಟುಗಳನ್ನು ಕಿಟಕಿಯಿಂದ ಒಳಗೆ ತೂರಿಸಿ, ತಾಯಿಯನ್ನು ಕೈಹಿಡಿದು ಹತ್ತಿಸಿದ. ಭೀಮವ್ವ ಕಿಟಕಿಯ ಪಕ್ಕ ಕೂತಳು. ಎಂಜಿನ್ನಿನ ಕೂಗಿಗೆ ಕೂಸು ಬೆಚ್ಚಿ ಅಳತೊಡಗಿತು, ಮುಖ ಕೆಂಪಾಗುವಂತೆ, ಉಸಿರು ಹಿಡಿದು ಹಿಡಿದು. ಎದುರಿನ ಸೀಟಿನ ಹೆಂಗಸು, "ತಟ್ಟವ್ವ, ಸುಮ್ಮನ ಮಾಡು, ಎಷ್ಟು ಅಳಸ್ತಿ," ಎಂದಳು. ಭೀಮವ್ವ ತಟ್ಟಲಿಲ್ಲ. ಕೂಸಿನ ಕುತ್ತಿಗೆಯ ಕೆಳಗೆ ಕೈ ಕೊಟ್ಟು, ಅದರ ಒದ್ದೆ ಮುಖವನ್ನೇ ನೋಡುತ್ತಾ ಕೂತಿದ್ದಳು.

"ಅಳ್ಲಿ ಬಿಡ್ರಿ," ಎಂದಳು.